ಕೌದಿ ಹೊದ್ದ ಕರಿ ಕಾರು

ನಮ್ಮ ಮನೆತನದಲ್ಲಿ ಡಿಗ್ರಿ ಆಗುವುದೇ ಇಲ್ಲ ಎಂದು ಹೇಳಿದವರು ನನ್ನ ಸೋದರಮಾವ. ಹೊರಗಿನವರಲ್ಲ, ಹಗೆಯವರೂ ಅಲ್ಲ. ಓದಲಿಕ್ಕೆಂದು ಬಂದ ನನ್ನನ್ನು ಮನೆಯಲ್ಲಿಟ್ಟುಕೊಂಡು ರೊಟ್ಟಿ ಹಾಕಿದ ಮಾಮಾನೇ. ಹೇಳುವಾಗ ಅವರು ತಮ್ಮ ಕಾರಿನ ಮೂತಿ ಒರೆಸುತ್ತಿದ್ದರು, ತಲೆ ಎತ್ತಿಯೂ ನೋಡಲಿಲ್ಲ.

"ಡಿಗ್ರಿ ಅನ್ನೂದು ನಮ್ಮ ಮನಿತನಕ್ಕ ಆಗಿಬರೂ ಮಾತಲ್ಲವಾ. ಉಳ್ಳಾಗಡ್ಡಿ ಹೊಲದಾಗ ಸೇಬು ಬೆಳೀತಾವೇನು? ನೀ ಪಾಸಾದ್ರ ನಾ ಈ ಗಾಡಿ ತಗೊಂಡು ಮುದ್ದೇಬಿಹಾಳಕ ಬರ್ತೇನಿ."

ಈ ಮಾತಿನ ಕೊಂಕು ತಿಳಿಯಬೇಕಾದರೆ ಆ ಕಾರಿನ ವಿಷಯ ಹೇಳಬೇಕು. ಅದು ನನ್ನ ಕಾಲೇಜಿರುವ ಮುದ್ದೇಬಿಹಾಳಕ್ಕಿರಲಿ, ನಮ್ಮ ಓಣಿಯ ಕೊನೆಯವರೆಗೂ ಹೋದದ್ದಲ್ಲ.

ಮಾಮಾ ಬಸವನ ಬಾಗೇವಾಡಿಯಲ್ಲಿ ಉಳ್ಳಾಗಡ್ಡಿ ವ್ಯಾಪಾರ ಮಾಡುತ್ತಾರೆ. ಒಮ್ಮೆ ಪುಣೆಗೆ ಮಾಲು ಒಯ್ದವರು ಬರುವಾಗ ಖಾಲಿ ಲಾರಿಯಲ್ಲಿ ಈ ಕಾರನ್ನು ಹೇರಿಕೊಂಡು ಬಂದರು. ಹಳೆಯ ಗಾಡಿ ಮಾರುವ ಅಂಗಡಿಯ ಮುಂದೆ ಚಹಾ ಕುಡಿಯುತ್ತಾ ನಿಂತಿದ್ದರಂತೆ, ಅದು ಅವರನ್ನೇ ನೋಡಿತಂತೆ. ಎರೆಮಣ್ಣಿನಂಥ ಕರಿ ಬಣ್ಣ, ಎರಡು ಬಾಗಿಲು, ಎರಡೇ ಸೀಟು, ನಿಂತ ಜಾಗದಲ್ಲೇ ಓಡುವಂತೆ ಕಾಣುವ ಮೈಕಟ್ಟು. ಹಲಗೆ ಹಾಕಿ ಇಳಿಸಿ ಉಳ್ಳಾಗಡ್ಡಿ ಶೆಡ್ಡಿನಲ್ಲಿ ನಿಲ್ಲಿಸಿದರು. ಮರುದಿನ ಹೊರಗೆ ತೆಗೆಯಬೇಕೆಂದರೆ ಓಣಿಯ ಬಾಯಿಗೇ ಒಂದು ಹಂಪ್. ಹಂಪಿನ ಎತ್ತರ ಹೆಚ್ಚು, ಕಾರಿನ ಹೊಟ್ಟೆಯ ಎತ್ತರ ಕಡಿಮೆ. ಅಂದಿನಿಂದ ಅದು ಶೆಡ್ಡಿನಲ್ಲೇ, ಉಳ್ಳಾಗಡ್ಡಿ ರಾಶಿಗಳ ನಡುವೆ, ಹರಕೆಯ ಹೋರಿಯ ಹಾಗೆ ನಿಂತುಬಿಟ್ಟಿತು.

ಹೋರಿಯ ಹಾಗೆ ಎಂದು ಸುಮ್ಮನೆ ಹೇಳುತ್ತಿಲ್ಲ. ಮಾಮಾ ಅದನ್ನು ನಡೆಸಿಕೊಂಡದ್ದೇ ಹಾಗೆ. ದಿನಾ ಬೆಳಿಗ್ಗೆ ಚಾಲೂ ಮಾಡಿ ಅದರ ಗುಟುರು ಕೇಳುತ್ತಿದ್ದರು. ಹುಲ್ಲಿನ ಸಿವುಡಿನಿಂದ ಮೈ ತಿಕ್ಕಿ, ಬೋರಿನ ನೀರು ಸುರಿದು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸುತ್ತಿದ್ದರು. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಹಾಕುವುದಿಲ್ಲ, ಅದು ಬಸವಣ್ಣನ ವಾರ. ಮಾಮಾ ಸೋಮವಾರ ಕಾರನ್ನೂ ಚಾಲೂ ಮಾಡುತ್ತಿರಲಿಲ್ಲ. ಉಳಿದ ದಿನ ಅದು ದುಡಿದದ್ದೇನು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆಯಿ, ಅಂದರೆ ನನ್ನ ಅವ್ವನ ಅವ್ವ, ತನ್ನ ಹಳೆಯ ಇಳಕಲ್ ಸೀರೆಗಳನ್ನೆಲ್ಲ ಕೂಡಿಸಿ ಕಾರಿಗೊಂದು ಕೌದಿ ಹೊಲಿದಳು. ದೊಡ್ಡ ಕೌದಿ, ಮೂಲೆಗೆ ಕೆಂಪು ಚುಂಗು, ನಡುವೆ ಯಾವುದೋ ಕೂಸಿನ ತಲೆಯ ಕುಂಚಿಗೆಯ ತುಂಡು. ರಾತ್ರಿ ಹೊದಿಸುವುದು, ಬೆಳಿಗ್ಗೆ ಎಳೆಯುವುದು. ಅದರಲ್ಲಿ ಕೂತ ಧೂಳೂ ಕೌದಿಯ ಜೊತೆ ಕಾರಿನ ಮೈಮೇಲೆ ಎಳೆದಾಡುತ್ತಿತ್ತು. ಆಮೇಲೆ ದೃಷ್ಟಿಯ ಚಿಂತೆ ಹತ್ತಿತು. ದೃಷ್ಟಿಬೊಟ್ಟು ಎಂದರೆ ಕಾಡಿಗೆ. ಕರಿ ಕಾರಿಗೆ ಕರಿ ಬೊಟ್ಟು ಇಟ್ಟರೆ ದೃಷ್ಟಿ ಹಾಕುವವರಿಗೆ ಕಾಣುವುದು ಹೇಗೆ? ಆಯಿ ಬಹಳ ವಿಚಾರ ಮಾಡಿ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಮುಂದಿನ ಬಾನೆಟ್ಟಿನ ನಡುವೆ ಬಿಳಿ ಬೊಟ್ಟು ಇಟ್ಟಳು. ಒಣಗಿ ಉದುರಿದಾಗಲೆಲ್ಲ ಮತ್ತೆ ಇಟ್ಟಳು.

ಅದನ್ನು ನೋಡಿದಾಗ ನಾನು ಇನ್ನೂ ಪಿಯುಸಿ. ಸುಣ್ಣ ಪೇಂಟನ್ನು ತಿನ್ನುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಆಮೇಲೆ, ಮುದ್ದೇಬಿಹಾಳದ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದ ಮೇಲೆ. ಅಪ್ಪ ನಮ್ಮೂರು ತಾಂಬಾದಲ್ಲಿ ಬೇರೆಯವರ ಹೊಲದಲ್ಲಿ ದುಡಿಯುವವನು, ಹೆಬ್ಬೆಟ್ಟು ಒತ್ತುವವನು. ಅವ್ವನಿಗೆ ಬಸ್ಸಿನ ಬೋರ್ಡು ಓದಲಿಕ್ಕೆ ಬರುವುದಿಲ್ಲ, ಬಣ್ಣ ನೋಡಿ ಹತ್ತುತ್ತಾಳೆ. ನಾನು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದಿದೆ. ಇಂಗ್ಲಿಷ್ ಅರ್ಥವಾಗದ ಕಡೆ ಬಾಯಿಪಾಠ ಮಾಡಿದೆ, ಬಾಯಿಪಾಠದ್ದು ಆಮೇಲೆ ತಾನಾಗೇ ಅರ್ಥವಾಯಿತು. ರಸಾಯನಶಾಸ್ತ್ರದ ಒಂದು ಪೇಪರು ಪಾಸಾಗದೆ ಉಳಿಯಿತು. ಅದು ಉಳಿದ ದಿನ ಮಾಮಾ ಏನೂ ಅನ್ನಲಿಲ್ಲ, ಕಾರಿನ ಹತ್ತಿರ ಹೋಗಿ ಕೌದಿ ಸರಿ ಮಾಡಿದರು. ಅಂದಿದ್ದರೇ ಚೆನ್ನಾಗಿತ್ತು. ಮತ್ತೆ ಬರೆದೆ. ಪಾಸಾದೆ. ಪೂರ್ತಿ ಪಾಸಾದೆ.

ಕಾಲೇಜಿನಲ್ಲಿ ಸಮಾರಂಭ ಮಾಡಿ ಪ್ರಮಾಣಪತ್ರ ಕೊಡುತ್ತಾರೆ ಎಂದು ತಿಳಿದ ದಿನ ನಾನು ಮಾಮಾನ ಮುಂದೆ ನಿಂತು ಅವರ ಮಾತು ಅವರಿಗೆ ನೆನಪಿಸಿದೆ. ನನಗೆ ಕಾರಿನ ಹುಚ್ಚಿರಲಿಲ್ಲ. ಆಗುವುದಿಲ್ಲ ಎಂದ ಮನುಷ್ಯ ಆದದ್ದನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೇ. ಬಸ್ಸಿಗೆ ಕರೆದರೆ ವ್ಯಾಪಾರದ ನೆವ ಹೇಳಿ ಉಳಿದುಬಿಡುತ್ತಾರೆ. ಕೊಟ್ಟ ಮಾತಿನ ಪ್ರಕಾರ ಕಾರಿನಲ್ಲೇ ಬರಬೇಕೆಂದರೆ ತಪ್ಪಿಸಿಕೊಳ್ಳಲಿಕ್ಕೆ ದಾರಿಯಿಲ್ಲ ಎಂದುಕೊಂಡಿದ್ದೆ.

ಅವರು ದಾರಿ ಹುಡುಕಿದರು. ನನ್ನನ್ನು ಶೆಡ್ಡಿಗೆ ಕರೆದೊಯ್ದು, ಕೌದಿ ಎಳೆದು, ಮೇಲಿನ ದೀಪ ಹಾಕಿದರು. ಬಾನೆಟ್ಟಿನ ತುಂಬ ಜೇಡರಬಲೆಯಂಥ ಸುತ್ತು ಗೀರು. ಹುಲ್ಲು, ಟವೆಲ್ಲು, ಕೌದಿ ಮೂರೂ ಸೇರಿ ಬರೆದದ್ದು. ನಡುವೆ ಸುಣ್ಣ ತಿಂದ ಜಾಗ, ಹಳೆಯ ರೂಪಾಯಿಯಷ್ಟು ಅಗಲ, ಮಂಕಾಗಿ ಕೂತಿತ್ತು. ಮೈತುಂಬ ಬೋರಿನ ನೀರಿನ ಉಪ್ಪಿನ ಕಲೆ. ಚಕ್ರಗಳಂತೂ ಬೂದಿಯಲ್ಲಿ ಹೊರಳಿದ ಹಾಗಿದ್ದವು.

"ಇಂಥಾ ಮಾರಿ ಇಟಗೊಂಡು ಇದನ್ನ ಹೊರಗ ಹೆಂಗ ತೆಗೀಲಿ? ಮುದ್ದೇಬಿಹಾಳದ ಮಂದಿ ನಗ್ತಾರ," ಎಂದರು. ದನಿಯಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಿತ್ತು.

"ಮಾರಿ ನಾ ತೊಳೀತೇನ್ರಿ ಮಾಮಾ," ಎಂದೆ. "ಹೊಳದ್ರ ಬರ್ತೀರಿಲ್ಲೋ?"

"ಹೊಳೀಲಿ, ನೋಡೂಣು."

ಮೊಬೈಲಿನಲ್ಲಿ ತೊಳೆಯುವ ರೀತಿ ನೋಡಿದೆ. ವಿಜಯಪುರದ ಅಂಗಡಿಯಿಂದ ಕಾರಿನ ಶಾಂಪೂ, ಪಾಲಿಶು, ಮೇಣ ತರಿಸಿದೆ. ಬಾಟಲಿಯ ಹಿಂದಿನ ಇಂಗ್ಲಿಷನ್ನು ಪೂರ್ತಿ ಓದಿದೆ. ಯಾವುದು ಆಮ್ಲ, ಯಾವುದು ಕ್ಷಾರ, ಯಾವುದು ಎರಡೂ ಅಲ್ಲ ಎಂದು ನೋಡಿ ಬೇರೆ ಬೇರೆ ಇಟ್ಟೆ. ಮೂರು ವರ್ಷದ ರಸಾಯನಶಾಸ್ತ್ರ ಮೊದಲ ಸಲ ಕೈಗೆ ಸಿಕ್ಕಿತ್ತು, ಉಳ್ಳಾಗಡ್ಡಿ ಶೆಡ್ಡಿನಲ್ಲಿ.

ಮೊದಲ ತೊಂದರೆ ಉಳ್ಳಾಗಡ್ಡಿಯದೇ. ಬಿಸಿಲಲ್ಲಿ ತೊಳೆದರೆ ಶಾಂಪೂ ಮೈಮೇಲೇ ಒಣಗುತ್ತದೆ, ನೆರಳು ಬೇಕು. ನೆರಳೆಂದರೆ ಶೆಡ್ಡು. ಶೆಡ್ಡಿನಲ್ಲಿ ಫ್ಯಾನಿನ ಗಾಳಿಗೆ ಉಳ್ಳಾಗಡ್ಡಿ ಸಿಪ್ಪೆ ಹಾರಿ ಒದ್ದೆ ಕಾರಿಗೆ ಅಂಟುತ್ತದೆ. ಹಾಗಾಗಿ ಹಮಾಲರು ಬಂದು ರಾಶಿಗಳನ್ನೆಲ್ಲ ಅಂಗಳಕ್ಕೆ ಹೊತ್ತರು. ಮಾರುವ ಮಾಲು ಬಿಸಿಲಿಗೆ ಬಿತ್ತು, ಎಲ್ಲಿಗೂ ಹೋಗದ ಗಾಡಿ ನೆರಳಲ್ಲಿ ನಿಂತಿತು. ಈ ಶೆಡ್ಡಿನ ಯಜಮಾನ ಯಾರೆಂದು ಉಳ್ಳಾಗಡ್ಡಿಗೆ ಈಗ ತಿಳಿಯಿತು ಎಂದ, ಹಮಾಲರಲ್ಲಿ ಹಿರಿಯನೊಬ್ಬ.

ಎರಡನೆಯದು ನೀರು. ಬೋರಿನ ನೀರು ಒಣಗಿದರೆ ಉಪ್ಪು ಉಳಿಯುತ್ತದೆ. ಕೊನೆಯ ನೀರಾದರೂ ಶುದ್ಧ ಇರಬೇಕೆಂದು ನಾನು ಕ್ಯಾನು ತಗೊಂಡು ಓಣಿಯ ಕುಡಿಯುವ ನೀರಿನ ಘಟಕಕ್ಕೆ ಹೋಗಿ ಪಾಳಿಗೆ ನಿಂತೆ. ಯಾರ ಮನೆಯಲ್ಲಿ ಏನು ಕಾರ್ಯ ಎಂದು ಹಿಂದೆ ನಿಂತ ಹೆಂಗಸು ಕೇಳಿದಳು. ಕಾರ್ಯ ಏನಿಲ್ಲ, ಕಾರಿಗೆ ಎಂದೆ. ಪಾಳಿಯೆಲ್ಲ ನನ್ನ ಕಡೆ ತಿರುಗಿತು. ಈ ನೀರು ಸುರಿದರೆ ಹೊಳಪು ಬರುತ್ತದೆ ಎಂದು ನಾನು ತಿಳಿಸಿ ಹೇಳಿದೆ.

"ನಮ್ಮ ಅತ್ತೀಗೆ ದಿನಾ ಇದ ನೀರು ಕೊಡ್ತೇವಿ," ಎಂದಳು ಆಕೆ. "ಆಕಿ ಯಾಕ ಹೊಳಿಯವಲ್ಲಳು?"

ನಾನು ಕ್ಯಾನು ತುಂಬಿಸಿಕೊಂಡು ಬಂದೆ.

ಮೊದಲು ಚಕ್ರ ತೊಳೆದೆ. ಅವುಗಳ ಹೊಲಸು ಮೈಗೆ ಸಿಡಿಯಬಾರದು. ಅವಕ್ಕೆ ಬೇರೆಯದೇ ಬಕೆಟ್ಟು, ಬೇರೆಯದೇ ಬ್ರಶ್ಶು. ಮಾಮಾಗೆ ಇದು ಸೇರಲಿಲ್ಲ. ಎತ್ತನ್ನು ಯಾರಾದರೂ ಗೊರಸಿನಿಂದ ತೊಳೆಯಲು ಸುರುಮಾಡುತ್ತಾರೇನು, ಮೊದಲು ಹಣೆ ಎಂದು ವಾದ ಹೂಡಿದರು. ಆಮೇಲೆ ಮೈಗೆ ಎರಡು ಬಕೆಟ್ಟು: ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಕೈಗವಸು ಜಾಲಾಡಲಿಕ್ಕೆ. ಜಾಲಾಡಿದ ಮಣ್ಣು ತಳಕ್ಕಿಳಿದು ಮತ್ತೆ ಮೇಲೆ ಬರಬಾರದೆಂದು ತಳದಲ್ಲಿ ಆಯಿಯ ಜರಡಿ ಬೋರಲು ಹಾಕಿದೆ. ಅಂದು ಸಂಜೆ ಹಿಟ್ಟು ಸಾಣಿಸಲಿಕ್ಕೆ ಜರಡಿ ಹುಡುಕಿದ ಆಯಿ ಅದನ್ನು ಕಾರಿನ ಕೊಳೆ ನೀರಿನಲ್ಲಿ ಕಂಡು ನನ್ನನ್ನು ಬೈದದ್ದು ಬೇರೆ ಕತೆ. ಮೇಲಿನಿಂದ ಕೆಳಕ್ಕೆ, ಕೈ ಸುತ್ತಿಸದೆ, ನೇರ ಗೆರೆಯಲ್ಲಿ ತೊಳೆದೆ. ಒರೆಸುವಾಗ ಮಾಮಾನ ಕೈ ತಾನಾಗೇ ಹೆಗಲ ಟವೆಲ್ಲಿಗೆ ಹೋಯಿತು. ಅವರ ಕೈ ಹಿಡಿದೆ.

"ತಿಕ್ಕಬ್ಯಾಡ್ರಿ ಮಾಮಾ. ಈ ಮೆತ್ತನ್ನ ಅರಬಿ ಹಾಸಿ, ರೊಟ್ಟಿ ಬಡದಂಗ ಬಡೀರಿ."

ಬಡಿಯುವುದು ಅವರಿಗೆ ಬರಲಿಲ್ಲ, ಹುಟ್ಟಿದಾಗಿನಿಂದ ರೊಟ್ಟಿ ತಿಂದದ್ದೇ ಹೊರತು ಬಡಿದವರಲ್ಲ. ಆಯಿ ಅವರನ್ನು ಆಚೆ ಸರಿಸಿ, ಕಾರಿನ ಬೆನ್ನಿನ ಮೇಲೆ ಅರಿವೆ ಹಾಸಿ ತಟ್ಟತೊಡಗಿದಳು. ಅಂಥ ಕೈ ನಾನು ಯಾವ ವಿಡಿಯೋದಲ್ಲೂ ನೋಡಿರಲಿಲ್ಲ.

ಪಾಲಿಶು ಎಂದರೆ ಗೀರು ತುಂಬುವುದಲ್ಲ, ಗೀರಿನ ಸುತ್ತಲಿನ ಮಟ್ಟವನ್ನೇ ಕೂದಲೆಳೆಗಿಂತ ತೆಳ್ಳಗೆ ಇಳಿಸುವುದು. ಅಂಗೈಯಗಲ ಜಾಗ ತಿಕ್ಕುವುದು, ದೀಪ ಹಿಡಿದು ನೋಡುವುದು, ಮುಂದಿನ ಅಂಗೈ. ತೋಳು ಬಿದ್ದುಹೋದವು. ಹಾಗೇ ದಿನಗಳು ಕಳೆದವು. ಜೇಡರಬಲೆ ಕರಗಿ ಒಳಗಿನ ಕಪ್ಪು ಮೇಲೆ ಬಂತು, ಅದರಲ್ಲಿ ಶೆಡ್ಡಿನ ತಗಡಿನ ಗೆರೆ ಗೆರೆಯೂ ಕಂಡಿತು. ಸುಣ್ಣದ ಜಾಗ ಮಾತ್ರ ಪೂರ್ತಿ ಹೋಗಲಿಲ್ಲ, ಮಸುಕು ಚಂದ್ರನ ಹಾಗೆ ಉಳಿಯಿತು. ಇನ್ನು ತಿಕ್ಕಿದರೆ ಬಣ್ಣವೇ ಹೋಗುತ್ತದೆ ಎಂದು ಬಿಟ್ಟೆ. ಸದ್ಯ ದೃಷ್ಟಿಬೊಟ್ಟು ಉಳಿಯಿತಲ್ಲ ಎಂದಳು ಆಯಿ. ಕೊನೆಗೆ ಮೈಗೂ ಚಕ್ರಕ್ಕೂ ಮೇಣ, ಕಂಡೂ ಕಾಣದಷ್ಟು ತೆಳ್ಳಗೆ. ಇಷ್ಟು ತೆಳ್ಳಗೆ ಹಚ್ಚುವುದು ಬಡವರ ಮನೆಯ ತುಪ್ಪ ಎಂದು ಮಾಮಾ ಗೊಣಗಿದರು. ಆದರೆ ಒಂದು ತಂಬಿಗೆ ನೀರು ಸುರಿದು ತೋರಿಸಿದಾಗ, ಹನಿಗಳು ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿಹೋದದ್ದು ನೋಡಿ ಇನ್ನೊಂದು ತಂಬಿಗೆ ತಾವೇ ಸುರಿದರು. ಕೌದಿ ಹೊದಿಸಲಿಕ್ಕೆ ನಾನು ಬಿಡಲಿಲ್ಲ. ಆಯಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಸಮಾರಂಭದ ದಿನ ಬೆಳಿಗ್ಗೆ ಮಾಮಾ ಬಿಳಿ ಅಂಗಿ, ಬಿಳಿ ಧೋತರ ಉಟ್ಟು ಶೆಡ್ಡಿಗೆ ಬಂದರು. ನೆವ ಹುಡುಕುತ್ತಾ ಕಾರನ್ನು ಒಂದು ಸುತ್ತು ಹಾಕಿದರು. ಎಲ್ಲಿ ನೋಡಿದರೂ ಅವರ ಮುಖವೇ ಕಂಡಿತು. "ನಡಿಯವಾ," ಎಂದರು.

ಅಷ್ಟರಲ್ಲಿ ಆಯಿ ಬಂದು ಎರಡನೆಯ ಸೀಟಿನಲ್ಲಿ ಕೂತುಬಿಟ್ಟಿದ್ದಳು. ಕೂತಳು ಎನ್ನುವುದಕ್ಕಿಂತ ಇಳಿದಳು ಎನ್ನಬೇಕು. ಜೋಳ ತುಂಬುವ ನೆಲದೊಳಗಿನ ಹಗೇವಿಗೆ ಇಳಿದ ಹಾಗಾಯಿತು ಎಂದಳು, ಆದರೆ ಏಳಲಿಲ್ಲ. ಇರುವುದೇ ಎರಡು ಸೀಟು. ಮಾಮಾ ನನ್ನ ಮುಖ ನೋಡಿದರು, ನಾನು ಆಯಿಯ ಮುಖ ನೋಡಿದೆ, ಆಯಿ ಮುಂದಿನ ಗಾಜು ನೋಡಿದಳು. ಹಮಾಲರು ಓಣಿಯ ಬಾಯಿಯ ಹಂಪಿಗೆ ಹಲಗೆ ಹಾಸಿ ಕಾರನ್ನು ದಾಟಿಸಿದರು. ನನ್ನ ಪ್ರಮಾಣಪತ್ರಕ್ಕೆ ನಾನು ಸರ್ಕಾರಿ ಬಸ್ಸಿನಲ್ಲಿ ಹೊರಟೆ.

ದಾರಿಯಲ್ಲಿ ಬಸ್ಸು ಅವರನ್ನು ಹಿಂದೆ ಹಾಕಿತು. ಕಿಟಕಿಯಿಂದ ನೋಡಿದರೆ ಒಂದು ಹಂಪಿನ ಮುಂದೆ ಕಾರು ನಿಂತಿದೆ. ಭಾರ ಕಡಿಮೆಯಾಗಲೆಂದು ಆಯಿ ಕೆಳಗಿಳಿದು, ಸೆರಗು ತಲೆಗೆ ಹೊದ್ದು ಹಂಪನ್ನು ನಡೆದು ದಾಟುತ್ತಿದ್ದಾಳೆ. ಕಾರು ಓರೆಯಾಗಿ, ಬಸುರಿಯ ಹಾಗೆ ನಿಧಾನ ಹಿಂದೆ ಬರುತ್ತಿದೆ. ಆಚೆ ದಾಟಿದ ಮೇಲೆ ಮಾಮಾ ಇಳಿದು ಚಕ್ರದ ಧೂಳನ್ನು ತಟ್ಟುತ್ತಿದ್ದಾರೆ. ತಿಕ್ಕುತ್ತಿಲ್ಲ, ತಟ್ಟುತ್ತಿದ್ದಾರೆ. ಮುದ್ದೇಬಿಹಾಳದವರೆಗೆ ಇನ್ನೆಷ್ಟು ಹಂಪುಗಳಿವೆ ಎಂದು ಬೆರಳು ಮಡಚಿ ಎಣಿಸತೊಡಗಿದೆ.

ಕಾಲೇಜಿನ ಸಭಾಂಗಣದಲ್ಲಿ ಅಪ್ಪ, ಅವ್ವ ತಾಂಬಾದಿಂದ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಹೆಸರು ಕರೆಯಲು ಸುರುವಾಯಿತು. ನಾನು ವೇದಿಕೆಯ ಪಕ್ಕ ನಿಂತಿದ್ದ ನಮ್ಮ ರಸಾಯನಶಾಸ್ತ್ರದ ಸರ್ ಹತ್ತಿರ ಹೋಗಿ, ನನ್ನನ್ನು ಕೊನೆಗೆ ಕರೆಯಲು ಹೇಳಿ, ನಮ್ಮ ಮಾಮಾ ಇನ್ನೂ ಬಂದಿಲ್ಲ ಎಂದೆ. ಏನಾದರೂ ತೊಂದರೆಯೇ ಎಂದು ಕೇಳಿದರು. ಹಂಪ್ ಎಂದೆ. ಅವರಿಗೆ ತಿಳಿಯಲಿಲ್ಲ, ಆದರೂ ಒಪ್ಪಿದರು.

ಎಲ್ಲರದೂ ಮುಗಿಯಿತು. ಸರ್ ನನ್ನ ಕಡೆ ನೋಡಿ, ಇನ್ನು ತಡೆಯಲಿಕ್ಕಾಗುವುದಿಲ್ಲ ಎಂಬಂತೆ ತಲೆಯಾಡಿಸಿ, ಮೈಕಿನಲ್ಲಿ ನನ್ನ ಹೆಸರು ಕರೆದರು. ನಾನು ಮೆಟ್ಟಿಲು ಹತ್ತಿದೆ. ಆಗ ಹೊರಗೆ ಗುಟುರು ಕೇಳಿಸಿತು. ನನಗೆ ಗೊತ್ತಿದ್ದ ಗುಟುರು. ಕಿಟಕಿಯ ಹತ್ತಿರ ಕೂತಿದ್ದ ಹುಡುಗನೊಬ್ಬ ಎದ್ದ, ಅವನ ಹಿಂದೆ ಸಾಲು ಎದ್ದಿತು, ಮೊಬೈಲು ಹಿಡಿದು ಇಡೀ ಸಭಾಂಗಣ ಬಾಗಿಲಿಗೆ ನುಗ್ಗಿತು. ಪ್ರಾಂಶುಪಾಲರು ಪ್ರಮಾಣಪತ್ರ ಹಿಡಿದು ನಿಂತೇ ಇದ್ದರು. ನನ್ನ ಕೈಯಿಂದ ಹೊಳೆದ ಕಾರು ನನ್ನ ಸಭೆಯನ್ನು ಕಸಿದುಕೊಂಡಿತು.

ಹೊರಗೆ ಹೋಗುವ ಮಂದಿಯನ್ನು ಮೊಳಕೈಯಿಂದ ಸರಿಸುತ್ತಾ ಒಳಗೆ ಬಂದವರು ಇಬ್ಬರೇ, ಮಾಮಾ ಮತ್ತು ಆಯಿ. ಕಾರಿನ ಸುತ್ತ ಊರೇ ಕೂಡಿದ್ದರೂ ಮಾಮಾ ತಿರುಗಿ ನೋಡಲಿಲ್ಲ. ಖಾಲಿ ಕುರ್ಚಿಗಳ ನಡುವೆ ಬಂದು, ಅಪ್ಪನ ಪಕ್ಕ ನಿಂತು, ವೇದಿಕೆಯನ್ನೇ ನೋಡಿದರು. ನಾನು ಎರಡೂ ಕೈಯಿಂದ ಪ್ರಮಾಣಪತ್ರ ತಗೊಂಡೆ. ನಾಲ್ಕು ಮಂದಿ ಚಪ್ಪಾಳೆ ಹೊಡೆದರು. ಅದಕ್ಕಿಂತ ದೊಡ್ಡ ಚಪ್ಪಾಳೆ ನನಗೆ ಬೇಕಾಗಿರಲಿಲ್ಲ.

ಕೆಳಗಿಳಿದು ಅದನ್ನು ಮಾಮಾಗೆ ಕೊಟ್ಟೆ. ಅವರು ಜೇಬಿನಿಂದ ಆ ಮೆತ್ತನೆಯ ಅರಿವೆ ತೆಗೆದು ಮೊದಲು ಕೈ ಒರೆಸಿಕೊಂಡರು. ಅಂಚಿನಿಂದ ಹಿಡಿದು, ಕಾರಿನ ಬಾನೆಟ್ಟು ನೋಡುವ ಹಾಗೆ ಬೆಳಕಿಗೆ ಓರೆ ಮಾಡಿ, ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಎಲ್ಲೂ ಏನೂ ಸಿಗಲಿಲ್ಲ.

ಆಯಿ ಬಗ್ಗಿ ಇಣುಕಿ, ಚಂದ ಐತಿ, ಇದಕ್ಕೂ ಒಂದು ಸಣ್ಣ ಕೌದಿ ಹೊಲೀತೇನಿ ಎಂದಳು.

"ಬ್ಯಾಡಬೇ ಯವ್ವಾ," ಎಂದರು ಮಾಮಾ. "ಗೀರು ಬೀಳ್ತಾವು."