ಎರಡು ನಿಲುಗಡೆಗಳ ನಡುವಿನ ಸ್ವರ

ನೆಗಡಿಯಾದವರು ಮೂಗಿನಲ್ಲೇ ಗುನುಗಿದಂಥ ಸ್ವರ. ನಾನು ಬಿ.ಎ. ಪರೀಕ್ಷೆಗೆ ಓದುತ್ತಿದ್ದಾಗ ಪಕ್ಕದ ಕೋಣೆಯಿಂದ ಕೇಳುತ್ತಿತ್ತು. ತಮ್ಮ ವಸಂತನ ಎಲೆಕ್ಟ್ರಿಕ್ ಗಿಟಾರು. ಅಮೆರಿಕದ ಡಿಸೈನ್ ನೋಡಿ ಕಲ್ಕತ್ತೆಯಲ್ಲಿ ಮಾಡಿದ ನಕಲು. ನಾನು ಕಲಿತ ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ‘ವಲ್ಗರ್’ ಎನ್ನುತ್ತಿದ್ದರು.

ಅದಕ್ಕೆ ಮೂರು ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಅಯಸ್ಕಾಂತ. ಆರಿಸಲು ಮೂರೇ ನಿಲುಗಡೆಯ ಸ್ವಿಚ್ಚು. ವಸಂತ ಅದನ್ನು ಎರಡರ ನಡುವೆ ತಂದು ಬೆಂಕಿಕಡ್ಡಿ ಸಿಕ್ಕಿಸಿಡುತ್ತಿದ್ದ. ಎರಡು ಪಿಕಪ್ ಒಟ್ಟಿಗೆ ನುಡಿದರೇ ಆ ಮೂಗಿನ ಸ್ವರ.

ಕಳೆದ ಚಳಿಗಾಲ ಅವನು ಕಲ್ಕತ್ತೆಗೆ ಹೊರಟ. ಹಳೆಯ ಹೋಟೆಲ್ ಬ್ಯಾಂಡಿನ ಗೆಳೆಯರು ಒಂದು ಸಂಜೆ ಕೂಡಿ ನುಡಿಸೋಣವೆಂದಿದ್ದರು. ಎದೆಯ ಆಪರೇಷನ್ ಆದಮೇಲೆ ಅವನು ಗಿಟಾರು ಮುಟ್ಟಿರಲಿಲ್ಲ. ಅಬಿಡ್ಸ್ ಪೇಟೆಯ ಅಂಗಡಿಯಲ್ಲಿ ರಿಪೇರಿಗೆ ಕೊಟ್ಟದ್ದನ್ನು ಏರ್‌ಪೋರ್ಟಿಗೆ ತಲುಪಿಸುವ ಕೆಲಸ ನನ್ನದು.

ಅಂಗಡಿಯವರು ಬೀದರ್ ಕಡೆಯವರು. “ಸ್ವಿಚ್ಚಿನಾಗ ಕಡ್ಡಿ ಸಿಕ್ಕಿತ್ರಿ ಅಮ್ಮಾರ. ಕಸ ಅಂತ ತಗದ್ ಒಗದ್ನಿ. ಹೊಸಾ ಸ್ವಿಚ್ ಹಾಕೀನಿ.”

ಕಡ್ಡಿ ಹೋದರೆ ಆ ಸ್ವರವೂ ಹೋದಂತೆ. ನುಡಿಸಿ ನೋಡೋಣವೆಂದರೆ ಕರೆಂಟ್ ಇರಲಿಲ್ಲ; ಆಂಪ್ಲಿಫೈಯರ್ ಇಲ್ಲದೆ ಅದು ತಗಡಿನ ಡಬ್ಬಿಯಂತೆ ಕಿಣಿಗುಟ್ಟುತ್ತದೆ, ಅಷ್ಟೆ.

ಮೆಹದಿಪಟ್ನಂವರೆಗೆ ಆಟೋ, ಅಲ್ಲಿಂದ ಏರ್‌ಪೋರ್ಟ್ ಬಸ್ಸು. ಬಸ್ಸು ನಿಂತಲ್ಲೆಲ್ಲ ಗಡಿಯಾರ ನೋಡಿದೆ. ಪಕ್ಕದ ಸೀಟಿನ ಕಲಬುರಗಿಯಾಕೆ ಕೇಳಿದಳು: “ವೀಣಾ ಏನ್ರಿ ಅದು?”

“ಅದರ ಕಾನ್ವೆಂಟ್ ತಂಗೀ ಇದ್ದಂಗ” ಎಂದೆ. ಆಕೆ ನಕ್ಕಳು, ನನಗೆ ನಗು ಬರಲಿಲ್ಲ.

ಶಂಶಾಬಾದಿನ ಏರ್‌ಪೋರ್ಟಿನಲ್ಲಿ ವಸಂತ ಗಾಜಿನ ಬಾಗಿಲ ಹೊರಗೇ ನಿಂತಿದ್ದ, ಮೈ ಇಳಿದುಹೋಗಿತ್ತು. ಕಡ್ಡಿಯ ವಿಷಯ ಹೇಳಿದೆ. ಅವನು ಚೀಲ ಬಿಚ್ಚಿ ಸ್ವಿಚ್ಚು ತಳ್ಳಿದ. ಟಕ್, ಟಕ್. ಐದು ಕಡೆ ನಿಂತಿತು.

“ಅಕ್ಕಾ, ಮಾರಿ ಯಾಕ ಹಂಗ ಮಾಡೀ? ಊರೂರಾಗ ನನ್ನಂಥವ್ರು ನಡುವ ಕಡ್ಡಿ ಸಿಗಿಸ್ಕೋತ ಕುಂತಿದ್ರು. ಕಡೀಕ ಕಂಪನಿಯವ್ರ ಸೋತು ನಡುವಿನ ಎರಡು ಜಾಗಾನೂ ಕೊಟ್ಟಾರ.”

“ದನಿ ಅದೇ ಇರ್ತೈತೇನೋ?”

“ಕರೆಂಟಿಗೆ ಹಚ್ಚಿದ್ರ ಗೊತ್ತಾಗ್ತೈತಿ. ಅಲ್ಲಿಂದ ಫೋನಿನಾಗ ಕೇಳಸ್ತೀನಿ. ನೀ ಬಿ.ಪಿ. ಗುಳಗಿ ತಗೊಂಡೀ ಇಲ್ಲೋ?”

ಗಿಟಾರನ್ನು ಎದೆಗೊತ್ತಿ ತೋರಿಸಿದ. ಪಕ್ಕೆಲುಬಿಗೆ ಚುಚ್ಚದಂತೆ ಅದರ ಬೆನ್ನನ್ನು ಕೆತ್ತಿ ತೆಗೆದಿದ್ದಾರೆ; ಅಮೆರಿಕದಲ್ಲಿ ಇದನ್ನು ಮೊದಲು ಮಾಡಿದಾತ ರೇಡಿಯೋ ರಿಪೇರಿಯವನಂತೆ, ನುಡಿಸಲು ಬರುತ್ತಿರಲಿಲ್ಲವಂತೆ. “ಹೊಲಿಗಿ ಹಾಕಿದ ಎದಿಗೂ ನೋಯೂದಿಲ್ಲ ನೋಡು” ಎಂದ.

ಆ ಫೋನು ಬರಲಿಲ್ಲ. ಬಂದದ್ದು ಅವನ ಗೆಳೆಯರದು: ನುಡಿಸುವುದು ಶುರುವಾಗುವ ಮೊದಲೇ ಅವನ ಎದೆ ನಿಂತಿತ್ತು.

ವಸಂತನನ್ನು ಕಡೆಯ ಸಲ ನೋಡಿದ್ದು ಆ ಗಾಜಿನಾಚೆ. ಗಾರ್ಡಿಗೆ ಟಿಕೆಟ್ ತೋರಿಸಿ ನನ್ನತ್ತ ತಿರುಗಿದ. ಹೆಬ್ಬೆರಳಿನಿಂದ ಗಾಳಿಯಲ್ಲೊಂದು ಸ್ವಿಚ್ಚನ್ನು ಮೆಲ್ಲಗೆ ತಳ್ಳಿ, ನಡುವೆಯೇ ಹಿಡಿದು ನಿಲ್ಲಿಸಿದ.