ತೊಯ್ದ ತೊಟ್ಟಿಲು

‘ಮುಟ್ಟಬೇಡಿ’ ಎಂಬ ಫಲಕವನ್ನು ನಾನು ಎಷ್ಟು ಸಲ ಬರೆದು ನಿಲ್ಲಿಸಿದ್ದೇನೋ, ಅಷ್ಟೇ ಸಲ ಜನ ಅದನ್ನು ಓದಿ, ತಲೆದೂಗಿ, ಮುಟ್ಟಿಯೇ ಹೋಗಿದ್ದಾರೆ. ಓದುಗ ಮಹಾಶಯರೇ, ನಿಮ್ಮ ಬೆರಳೂ ತುರಿಸುತ್ತಿರಬಹುದು, ಬನ್ನಿ. ಪುಣೆಯ ಹೊಳೆದಂಡೆಯಲ್ಲಿರುವ ನಮ್ಮ ಕನ್ನಡ ಸಂಘದ ನೆಲಮಹಡಿಯ ಒಂದೇ ಒಂದು ಕೋಣೆಗೆ ‘ವಸ್ತುಸಂಗ್ರಹಾಲಯ’ ಎಂಬ ಗಜಗಾತ್ರದ ನಾಮಧೇಯವಿದೆ. ನಿವೃತ್ತ ಶಾಲಾಶಿಕ್ಷಕಿಯಾದ ನಾನು ಅದರ ಗೌರವ ಪಾಲಕಿ, ಅಂದರೆ ಧೂಳು ಒರೆಸುವವಳು. ಧಾರವಾಡ, ಕಲಬುರಗಿಗಳ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು ಹೊತ್ತು ತಂದ ಬೀಸುಕಲ್ಲು, ಕೌದಿ, ಬಣ್ಣದ ತೊಟ್ಟಿಲು ಎಲ್ಲ ಇಲ್ಲಿವೆ.

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆಂದರೆ ಹೊಳೆಯೂ ನಮ್ಮ ಸಂಗ್ರಹ ನೋಡಲು ಬರುತ್ತದೆ. ಪ್ರವಾಹ ಮುಂಜಾಗ್ರತೆಯ ಪುಸ್ತಕಗಳು ಹೇಳುವ ಪಂಪು, ಜಲನಿರೋಧಕ ಪೆಟ್ಟಿಗೆ ಯಾವುದೂ ನಮ್ಮಲ್ಲಿಲ್ಲ. ಪ್ರತಿ ವಸ್ತುವಿಗೂ ಎತ್ತರದ ಜಾಗದಲ್ಲಿ ಒಂದು ಮನೆ ಗೊತ್ತುಮಾಡಿದ್ದೇವೆ. ನಾನು ಫೋನ್ ಮಾಡಿದೊಡನೆ ಆ ಮನೆಯವರು ಬಂದು ಎತ್ತಿಕೊಂಡು ಹೋಗಬೇಕು, ನೀರಿಳಿದ ಮೇಲೆ ಮರಳಿಸಬೇಕು. ಬೆಳಗಾವಿ ಕಡೆಯ ನಿವೃತ್ತ ಇಂಜಿನಿಯರರಾದ ನಮ್ಮ ಅಧ್ಯಕ್ಷರಿಗೆ ಇದು ಶುದ್ಧ ಹುಡುಗಾಟ. “ಅಕ್ಕೋರ, ಈ ಮಳಿಗಾಲದಾಗ ಒಂದು ಸಾಮಾನು ತೊಯ್ದರೂ ಎಲ್ಲಾ ಊರ ಹೊರಗಿನ ಗೋದಾಮಿಗೆ ಕಳಸ್ತೇನಿ, ಖೋಲಿಗೆ ಕೀಲಿ ಹಾಕ್ತೇನಿ,” ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಗೋದಾಮಿಗೆ ಹೋದದ್ದನ್ನು ಯಾರು ನೋಡುತ್ತಾರೆ? ನನಗೆ ಮೈಯೆಲ್ಲ ಉರಿಯಿತು. ಕಳಿಸಲಿ ನೋಡೋಣ, ಬಾಗಿಲಿಗೆ ಅಡ್ಡ ಕೂಡುತ್ತೇನೆ ಎಂದುಕೊಂಡೆ.

ಈ ಸಲ ಕೋಣೆಯಲ್ಲಿ ಮೊಣಕಾಲುದ್ದ ನೀರು. ಅಷ್ಟರೊಳಗೆ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ಶರಣಪ್ಪ ತೊಟ್ಟಿಲನ್ನು ಬೆನ್ನಿಗೇರಿಸಿ ಗುಡ್ಡದ ಓಣಿಯ ತನ್ನ ಮನೆಗೆ ಒಯ್ದಾಗಿತ್ತು. ಉಳಿದವೂ ಒಂದೊಂದಾಗಿ ಮೇಲೇರಿದ್ದವು. ನಾಲ್ಕು ದಿನದ ಮೇಲೆ ಅವೆಲ್ಲವೂ ಒಣಒಣವಾಗಿ ಮರಳಿದವು. ಕೊನೆಗೆ ಶರಣಪ್ಪನೂ ಅವನ ಹೆಂಡತಿ ಯಲ್ಲವ್ವನೂ ತೊಟ್ಟಿಲು ತಂದಿಳಿಸಿದರು. ಮುಟ್ಟಿ ನೋಡಿದೆ. ತಳದ ಹಲಗೆ ಒದ್ದೆ! ಅಧ್ಯಕ್ಷರ ಗೋದಾಮು ನೆನಪಾಗಿ ಕೇಳಿಯೇಬಿಟ್ಟೆ.

“ಯಲ್ಲವ್ವಾ, ಹೊಳಿ ಗುಡ್ಡಾ ಹತ್ತಿತ್ತೇನ?”

“ಹೊಳಿ ನೀರಲ್ರಿ ಅಕ್ಕೋರ,” ಎಂದು ಆಕೆ ಸೆರಗಿನಲ್ಲಿ ನಗೆ ಮುಚ್ಚಿಕೊಂಡಳು. “ನಮ್ಮ ಕೂಸು ಭಾಳ ಅಳ್ಳಾಕತ್ತಿತ್ತು, ಇದರಾಗ ಹಾಕಿದ್ವಿ. ತೂಗಿದ ಕೂಡ್ಲೆ ಮಕ್ಕೊಂತು. ಆಮ್ಯಾಲ ತನ್ನ ಕೆಲಸಾ ಮಾಡ್ಯದ.”

ರೇಗಬೇಕೆಂದುಕೊಂಡೆ, ಆಗಲಿಲ್ಲ. ವರ್ಷಗಟ್ಟಲೆ ತೂಗದೆ ಕಾಯ್ದ ನನಗಿಂತ ನಾಲ್ಕು ದಿನ ತೂಗಿ ಕಾಯ್ದ ಈಕೆಯೇ ನಿಜವಾದ ಪಾಲಕಿ ಎನಿಸಿ, ಒಳಗೊಳಗೇ ನಾಚಿಕೆಯಾಯಿತು.

ತೊಟ್ಟಿಲನ್ನು ಅಂಗಳದ ಬಿಸಿಲಿಗಿಟ್ಟೆವು. ಅದೇ ಹೊತ್ತಿಗೆ ತಪಾಸಣೆಗೆ ಬಂದ ಅಧ್ಯಕ್ಷರ ಕೈ ನೇರವಾಗಿ ಒದ್ದೆಯಾದಲ್ಲಿಗೇ ಹೋಯಿತು.

“ತೊಯ್ದೈತಲ್ರಿ ಅಕ್ಕೋರ!”

“ಹೌದ್ರಿ, ತೊಯ್ದದ,” ಎಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ. “ನಾಕು ತಿಂಗಳ ಕೂಸು ತೊಯ್ಸೇದ. ಹೊಳಿಗೆ ಅಷ್ಟು ಧೈರ್ಯ ಇನ್ನೂ ಬಂದಿಲ್ಲ.”

ಅಧ್ಯಕ್ಷರು ಮೆಲ್ಲಗೆ ಕೈ ಮೂಸಿದರು. ಆಮೇಲೆ ಗೋದಾಮಿನ ಮಾತೆತ್ತದೆ ನಲ್ಲಿಯ ಕಡೆ ನಡೆದರು.