ಬಂದವರಿಗೆ ಇಟ್ಟ ನೀರು

ಹಿಂದೂಪುರದ ಬಸ್ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಏಳೂವರೆ. ತುಮಕೂರನ್ನು ನಸುಕಿನಲ್ಲೇ ಬಿಟ್ಟಿದ್ದರಿಂದ ಹೊಟ್ಟೆ ಚುರುಗುಟ್ಟುತ್ತಿತ್ತು. ಎದುರಿನ ಹೋಟೆಲಿನಲ್ಲಿ ಉಗ್ಗಾನಿ ತರಿಸಿಕೊಂಡೆ. ನಮ್ಮ ಕಡೆಯ ಮಂಡಕ್ಕಿ ಒಗ್ಗರಣೆಯೇ ಅದು, ಜೊತೆಗೆ ಮೆಣಸಿನಕಾಯಿ ಬಜ್ಜಿ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ನಾಚಿಕೆಯಿಲ್ಲದೆ ಇನ್ನೊಂದು ತಟ್ಟೆ ಹೇಳಿದೆ.

ಈ ದಾರಿಯಲ್ಲಿ ಬರುವವರು ಸಾಮಾನ್ಯವಾಗಿ ಲೇಪಾಕ್ಷಿಗೆ ಹೋಗುತ್ತಾರೆ. ನಾನು ಹೊರಟದ್ದು ನನ್ನದೇ ಒಂದು ತಪ್ಪನ್ನು ತಿದ್ದಲು. ಅಣು ವಿದ್ಯುತ್ ಸ್ಥಾವರವೊಂದರ ಪರಿಸರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು ನಾನು. ಸುತ್ತಲಿನ ಊರುಗಳ ಹಾಲು, ಮೀನು, ಸೊಪ್ಪು, ಬಾವಿ ನೀರು ತಂದು ವಿಕಿರಣ ಅಳೆಯುವುದು ನಮ್ಮ ಕೆಲಸ. ಸ್ಥಾವರ ಹೊರಗೆ ಬಿಡುವುದಕ್ಕೆ ಒಂದು ಮಿತಿಯಿದೆ, ಅದು ದಾಟಿಲ್ಲವೆಂದು ನಮ್ಮ ಬಾಟಲಿಗಳು ಸಾಕ್ಷಿ ಹೇಳಬೇಕು. ನಿವೃತ್ತಳಾದ ಮೇಲೆ ಹಿಂದೂಪುರದಲ್ಲಿ ನೀರು ಪರೀಕ್ಷೆಯ ಸಣ್ಣ ಲ್ಯಾಬು ನಡೆಸುವ ಗೆಳತಿ ಪದ್ಮಾ ನನ್ನನ್ನು ಕರೆದಳು. ಈ ಸೀಮೆಯ ಬಂಡೆಯಲ್ಲೇ ಯುರೇನಿಯಂ ಅಂಶ ಇರುತ್ತದೆ. ಅದು ಕೊಳವೆಬಾವಿಯ ನೀರಿಗೆ ಇಳಿದು, ಜನ ಅದನ್ನೇ ವರ್ಷಗಟ್ಟಲೆ ಕುಡಿದರೆ ಮೂತ್ರಪಿಂಡಕ್ಕೆ ಕೆಟ್ಟದ್ದು. ಊರೂರು ತಿರುಗಿ ಬಾಟಲಿ ತುಂಬಿಸುವ ಕೆಲಸ ನನಗೆ ಬಂತು.

ಎರಡು ತಿಂಗಳ ಹಿಂದೆ ಕಲ್ಯಾಣದುರ್ಗದಾಚೆ ಬ್ರಹ್ಮಸಮುದ್ರದ ಕಡೆಯ ಹಳ್ಳಿಯೊಂದರಲ್ಲಿ ನರಸಮ್ಮ ಎಂಬ ರೈತ ಹೆಂಗಸಿನ ಮನೆಯಿಂದ ಅವರ ಬೋರಿನ ನೀರೆಂದು ಒಂದು ಬಾಟಲಿ ತಂದಿದ್ದೆ. ವರದಿ ಚೆನ್ನಾಗಿ ಬಂತು. ಅದನ್ನು ನಂಬಿ ಪಂಚಾಯಿತಿಯವರು ಅದೇ ಬೋರಿನಿಂದ ಅಂಗನವಾಡಿಗೆ ನಲ್ಲಿ ಎಳೆದರು. ಮೊನ್ನೆ ಪದ್ಮಾ ಹಳೆಯ ವರದಿ ತಿರುವಿ ಹಾಕುತ್ತಾ ಫೋನು ಮಾಡಿದಳು. "ಇದರಲ್ಲಿ ಉಪ್ಪಿನಂಶವೂ ಇಲ್ಲವಲ್ಲೇ. ಬೋರ್ ನೀರು ತಂದೆಯೋ ಮಳೆ ನೀರು ತಂದೆಯೋ?" ಆ ಊರಿನ ನೀರು ಕಾಸಿದರೆ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ನನಗಾಗ ನೆನಪಾಯಿತು. ಆವತ್ತು ನರಸಮ್ಮ ಬಾಟಲಿಯನ್ನು ಒಳಗೆ ಒಯ್ದು ತುಂಬಿ ತಂದಿದ್ದರು. ನಾನು ಜಗುಲಿಯ ಮೇಲೆ ಕೂತು ಹುರಿದ ಕಡಲೆಕಾಯಿ ತಿನ್ನುತ್ತಿದ್ದೆ.

ಪದ್ಮಾಳಿಂದ ಹೊಸ ಬಾಟಲಿಗಳನ್ನು ತೆಗೆದುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಮಡಕಶಿರಾ ದಾಟಿ, ನಡುವೆ ಪಾವಗಡದಲ್ಲಿ ಕರ್ನಾಟಕವನ್ನು ಹೊಕ್ಕು, ಮತ್ತೆ ಆಂಧ್ರಕ್ಕೆ ಬರುವ ದಾರಿ. ನೂರು ಕಿಲೋಮೀಟರಿಗೂ ಹೆಚ್ಚು. ಪಕ್ಕದ ಸೀಟಿನಲ್ಲಿ ಹಿಂದೂಪುರದ ನೇಕಾರರ ಮನೆಯ ಹಿರಿಯರೊಬ್ಬರು ಸೀರೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಏನಮ್ಮ, ಚೀಲದ ತುಂಬ ಖಾಲಿ ಬಾಟ್ಲು?" ಎಂದರು.

"ನೀರಿನ ಪರೀಕ್ಷೆಗೆ. ಯುರೇನಿಯಂ ಇದೆಯಾ ಅಂತ ನೋಡೋಕೆ."

"ಅಯ್ಯೋ ದೇವುಡಾ! ಅಣು ಕಾರ್ಖಾನೆ ಇಲ್ಲಿಗೂ ಬಂದ್ಬುಡ್ತಾ?"

ಇಲ್ಲ, ಇದು ನಿಮ್ಮ ಕಲ್ಲಿನೊಳಗೇ ಇರುವಂಥದ್ದು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಕಾರ್ಖಾನೆಯ ಪಕ್ಕದ ಊರವರ ನೀರನ್ನು ಯಾರು ನೋಡುತ್ತಾರೆ ಎಂದು ಕೇಳಿದರು. ನಾವು ನೋಡುತ್ತಿದ್ದೆವು, ನಾವು ಸರಿಯಾಗಿ ನೋಡುತ್ತೇವೆಯೇ ಎಂದು ನೋಡಲು ಮೇಲಿನವರು ಬರುತ್ತಿದ್ದರು ಎಂದೆ.

"ಅಲ್ಲಿಗಾದ್ರೆ ಕಾವ್ಲು ಐತೆ, ಕಾವ್ಲಿಗೂ ಕಾವ್ಲು ಐತೆ. ನಮ್ ಬೋರಿಗೆ ಯಾರವ್ರೆ ಕಣಮ್ಮ?"

ಇರುವ ಒಬ್ಬಳೂ ಕಡಲೆಕಾಯಿ ತಿನ್ನುತ್ತಾ ಕೂತಿದ್ದಳು ಎಂದು ಹೇಳದೆ ಚೀಲದ ಬಾಯಿ ಕಟ್ಟಿದೆ. ಕಿಟಕಿಯಾಚೆ ಬಂಡೆಗುಡ್ಡಗಳು, ಕಿತ್ತ ಕಡಲೆಕಾಯಿಯ ಹೊಲಗಳು.

ಕಲ್ಯಾಣದುರ್ಗ ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಆಟೋ. ನರಸಮ್ಮ ನನ್ನನ್ನು ಕಂಡದ್ದೇ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿದರು.

"ಇದು ಯಾವ ನೀರು ನರಸಮ್ಮ?"

"ಮಂಚಿನೀಳ್ಳು ಕಣಮ್ಮ. ಕಲ್ಯಾಣದುರ್ಗದಿಂದ ಆಟೋದಾಗೆ ಬತ್ತದೆ, ಫಿಲ್ಟ್ರು ನೀರು."

"ಮನೆಯವರೂ ಇದನ್ನೇ ಕುಡೀತೀರಾ?"

"ಇಲ್ಲಮ್ಮ. ನಮ್ಗೆ ಇದು ಸಪ್ಪೆ, ದಾಹ ತೀರಲ್ಲ. ನಾವು ಬೋರ್ ನೀರೇ. ಇದು ಬಂದೋರ್ಗೆ ಅಂತ ಮಡಗಿರೋದು."

"ಆವತ್ತು ನನ್ನ ಬಾಟಲಿಗೆ?"

"ಇದ್ನೇ ಉಯ್ದೆ. ಅಷ್ಟು ದೂರದಿಂದ ಬಂದೋರ ಕೈಗೆ ಆ ಉಪ್ಪುನೀರು ಕೊಡಾಕಾಗ್ತದಾ? ಮರ್ಯಾದೆ ಬ್ಯಾಡ್ವಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಟಲಿಯನ್ನು ನಿಮ್ಮ ಕೈಯಾರೆ ತುಂಬಿ ಎಂದು ಕಿರಿಯರಿಗೆ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಆ ಬಾಟಲಿಯ ಬಲದಿಂದಲೇ ಅಂಗನವಾಡಿಗೆ ನಲ್ಲಿ ಬಂದದ್ದು, ಬೋರಿನ ನೀರನ್ನು ಯಾರೂ ಪರೀಕ್ಷಿಸಿಯೇ ಇಲ್ಲ ಎಂದು ವಿವರಿಸಿದೆ. ನರಸಮ್ಮನ ಮುಖ ಕಳೆಗುಂದಿತು.

"ನಮ್ ಮೊಮ್ಮಗ್ಳು ಮನೆಯಾಗೂ ಅದ್ನೇ, ಅಲ್ಲೂ ಅದ್ನೇ ಕುಡೀತಾಳಲ್ಲಮ್ಮ." ನನ್ನತ್ತ ತಿರುಗಿ, "ಆವತ್ತು ನೀರು ಅಂದ್ರಿ. 'ನೀವು ದಿನಾ ಕುಡಿಯೋ ನೀರು ಕೊಡಿ' ಅಂತ ಅಂದ್ರಾ?" ಎಂದು ಗದರಿದರು. ಅಂದಿರಲಿಲ್ಲ.

ಹೊಲಕ್ಕೆ ಹೋಗಿ ಹತ್ತು ನಿಮಿಷ ಮೋಟಾರು ಓಡಿಸಿದೆವು. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು, ತುಂಬಿ, ಚೀಟಿ ಅಂಟಿಸಿದೆ. ನರಸಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಸ್ಥಾವರಕ್ಕೆ ಬರುತ್ತಿದ್ದ ಮೇಲಿನವರು ಕೂಡ ಇಷ್ಟು ಬಿಗಿಯಾಗಿ ನೋಡಿದ್ದಿಲ್ಲ.

ಪಂಚಾಯಿತಿಗೆ ಹೋಗಿ, ಮೊದಲ ವರದಿ ತಪ್ಪು, ತಪ್ಪು ನನ್ನದು, ಹೊಸದು ಬರುವವರೆಗೆ ನಲ್ಲಿ ನಿಲ್ಲಿಸಿ ಎಂದು ಬರೆದುಕೊಟ್ಟೆ. ಅಲ್ಲಿದ್ದವರು ಓದಿ, "ರಿಪೋರ್ಟ್ ಬರ್ಲಿ ಮೇಡಂ, ಆಮ್ಯಾಕೆ ನೋಡಾಣ" ಎಂದರು. ಸ್ಥಾವರದಲ್ಲಿ ಅನುಮಾನ ಬಂದರೆ ಮೊದಲು ನಿಲ್ಲಿಸು, ಆಮೇಲೆ ಅಳೆ ಎಂಬ ನಿಯಮ. ಇಲ್ಲಿ ಅಂಥ ನಿಯಮ ಯಾರ ಕೈಯನ್ನೂ ಕಟ್ಟಿರಲಿಲ್ಲ. ಸೋತ ಮನಸ್ಸಿನಿಂದ ಬಸ್ಸಿಗೆ ನಡೆದೆ.

ಬಸ್ಸು ನಿಲ್ಲುವುದು ಅಂಗನವಾಡಿಯ ಎದುರಿಗೇ. ನೋಡಿದರೆ, ನಲ್ಲಿಯ ಬಾಯಿಗೆ ಹಳೆಯ ಸೀರೆಯ ತುಂಡು ಸುತ್ತಿ ಗಂಟಿನ ಮೇಲೆ ಗಂಟು ಹಾಕಿಬಿಟ್ಟಿದ್ದಾರೆ. ಯಾರ ಅಪ್ಪಣೆಯನ್ನೂ ಕೇಳದ ಗಂಟು. ಅದರ ಪಕ್ಕದಲ್ಲಿ ನರಸಮ್ಮ, ಸೊಂಟದ ಮೇಲೆ ಅದೇ ಕ್ಯಾನು.

"ಮನೆಗೆ ಯಾರಾದರೂ ಬಂದರೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಬಂದೋರು ಮಜ್ಜಿಗೆ ಕುಡ್ಕಂಡು ಹೋಯ್ತಾರೆ. ನೀನು ಹೊರ್ಡಮ್ಮ, ಆ ಬಾಟ್ಲು ಜೋಪಾನ."

ಬಸ್ಸು ಹೊರಟಿತು. ತಿರುಗಿ ನೋಡಿದೆ. ಕ್ಯಾನು ಅಂಗನವಾಡಿಯ ಹೊಸ್ತಿಲು ದಾಟಿ ಒಳಗೆ ಹೋಗುತ್ತಿತ್ತು. ಬಾಟಲಿಯನ್ನು ಚೀಲದಿಂದ ತೆಗೆದು, ಹಿಂದೂಪುರದವರೆಗೂ ಕೈಯಲ್ಲೇ ಹಿಡಿದುಕೊಂಡು ಕೂತೆ.